ಜಾಕ್ ಎತ್ತುತ್ತೆ, ಹಿಡಿದು ನಿಲ್ಲಿಸೋದಿಲ್ಲ!

ಭಾನುವಾರ ಬೆಳಿಗ್ಗೆ ಉಪ್ಪಿಟ್ಟು, ಕಾಫಿ ಮುಗೀತು ಅಂದ್ರೆ ಸಾಕು, ಕೆಲವು ಮನೆಗಳ ಪೋರ್ಟಿಕೋದಲ್ಲಿ ಟಣಟಣ ಸದ್ದು ಶುರು. ಹಳೇ ಪಂಚೆ ಎತ್ತಿ ಕಟ್ಟಿ, ಕೈಯಲ್ಲೊಂದು ಟಾರ್ಚು ಹಿಡಿದ ಯಜಮಾನರು, 'ಏನೇ, ಸ್ವಲ್ಪ ಬಾ ಇಲ್ಲಿ. ಈ ಹಿಡಿ ಒತ್ತುತ್ತಾ ಇರು, ನಾನು ಕೆಳಗೆ ಒಂದ್ಸಲ ನೋಡಿಬಿಡ್ತೀನಿ' ಅಂತ ಕರೆಯುತ್ತಾರೆ. 'ಒಲೆ ಮೇಲೆ ಸಾರಿದೆ ಕಣ್ರೀ' ಎನ್ನುತ್ತಲೇ ನಾವೂ ಹೋಗಿ ನಿಲ್ಲುತ್ತೇವೆ. ಆ 'ಒಂದ್ಸಲ ನೋಡಿಬಿಡ್ತೀನಿ' ಅನ್ನೋ ಮಾತಿದೆಯಲ್ಲ, ನಾವು ತಡೆಯಬೇಕಾಗಿರೋದು ಅದನ್ನೇ. ಬರೀ ಜಾಕಿನ ಮೇಲೆ ನಿಂತಿರುವ ಕಾರಿನ ಕೆಳಗೆ ತಲೆಯಾಗಲೀ ಕೈಯಾಗಲೀ ಕಾಲಾಗಲೀ ಹೋಗಲೇಬಾರದು. ಒಂದು ನಿಮಿಷಕ್ಕೂ ಬೇಡ.

ಮೊದಲಾದರೆ ಜಾಕ್ ಅಂದರೆ ಡಿಕ್ಕಿಯಲ್ಲಿ ಸ್ಟೆಪ್ನಿ ಜೊತೆ ಮಲಗಿರೋ ಒಂದು ಕಬ್ಬಿಣದ ಸಾಮಾನು ಅಷ್ಟೇ. ಈಗ ಹಾಗಲ್ಲ. ಚಕ್ರ ಇರುವ ಹೈಡ್ರಾಲಿಕ್ ಟ್ರಾಲಿ ಜಾಕ್ ಮನೆ ಬಾಗಿಲಿಗೇ ಪಾರ್ಸೆಲ್ ಬರುತ್ತೆ. ಚಾಮರಾಜಪೇಟೆ, ಬಸವನಗುಡಿಯವರಿಗಂತೂ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳು ಕೂಗಳತೆ ದೂರ. ಮೊಬೈಲಿನಲ್ಲಿ ವಿಡಿಯೋ ನೋಡಿ ಬ್ರೇಕ್ ಪ್ಯಾಡ್ ತಾವೇ ನೋಡಿಕೊಳ್ಳುವವರು, ಟೈರು ಹಿಂದೆ ಮುಂದೆ ಬದಲಾಯಿಸುವವರು ಹೆಚ್ಚಾಗಿದ್ದಾರೆ. ಅದರಲ್ಲಿ ನಿವೃತ್ತರಾದ ಯಜಮಾನರೂ ಇದ್ದಾರೆ, ತಾವೇ ಕಾರು ಓಡಿಸುವ ಹೆಣ್ಣುಮಕ್ಕಳೂ ಇದ್ದಾರೆ. ಒಳ್ಳೆಯದೇ. ಆದರೆ ಈ ಜಾಕ್ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿದ್ದರೆ ಮಾತ್ರ ಅದು ಎಲ್ಲಿ ಕೈಕೊಡುತ್ತೆ ಅನ್ನೋದೂ ಗೊತ್ತಾಗುತ್ತೆ.

ಹೈಸ್ಕೂಲಿನಲ್ಲಿ ಓದಿದ ಪಾಸ್ಕಲ್ ನಿಯಮ ನೆನಪಿದೆಯಾ? ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತೆ ಅಂತ ಮೇಷ್ಟ್ರು ಬರೆಸಿದ್ದರು. ಜಾಕಿನೊಳಗೆ ಒಂದು ಸಣ್ಣ ಕೊಳವೆ, ಒಂದು ದಪ್ಪ ಕೊಳವೆ, ನಡುವೆ ಎಣ್ಣೆ. ಸಣ್ಣದು 1 ಚದರ ಸೆಂಟಿಮೀಟರ್, ದಪ್ಪದ್ದು 20 ಚದರ ಸೆಂಟಿಮೀಟರ್ ಇದ್ದರೆ, ಸಣ್ಣದರ ಮೇಲೆ 20 ಕೆ.ಜಿ. ಭಾರ ಒತ್ತಿದಾಗ ದಪ್ಪದ್ದು 400 ಕೆ.ಜಿ. ಎತ್ತುತ್ತೆ. ಆದರೆ ಪುಕ್ಕಟೆಯಾಗಿ ಏನೂ ಸಿಗಲ್ಲ. ಸಣ್ಣದು 20 ಸೆಂಟಿಮೀಟರ್ ಇಳಿದರೆ ದಪ್ಪದ್ದು ಏರೋದು ಒಂದೇ ಸೆಂಟಿಮೀಟರ್. ಅದಕ್ಕೇ ಅಷ್ಟು ಸಲ ಹಿಡಿ ಒತ್ತಬೇಕಾಗೋದು. ಇದೇ ತತ್ವದ ಮೇಲೆ ಹೊತ್ತೊಯ್ಯಬಹುದಾದ ಜಾಕಿಗೆ ನ್ಯೂಯಾರ್ಕಿನ ರಿಚರ್ಡ್ ಡಡ್ಜನ್ ಎಂಬಾತ ಪೇಟೆಂಟ್ ಪಡೆದದ್ದು 1851ರಲ್ಲಿ. ಆಗ ಕಾರೇ ಹುಟ್ಟಿರಲಿಲ್ಲ!

ಈ ಎಣ್ಣೆ ಹೊರಗೆ ಬಾರದ ಹಾಗೆ ತಡೆಯೋದು ರಬ್ಬರಿನ ಸೀಲ್. ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ ಅಂದುಕೊಳ್ಳಿ. ಹಳೆಯದಾದರೆ ಗಟ್ಟಿಯಾಗುತ್ತೆ, ಬಿರುಕು ಬಿಡುತ್ತೆ, ಒಂದು ಚೂರು ಮರಳು ಸಿಕ್ಕಿಕೊಂಡರೂ ಸೋರುತ್ತೆ. ಕುಕ್ಕರಾದರೆ ಬುಸ್ಸೆಂದು ಪಕ್ಕದಿಂದ ಹಬೆ ಬಿಟ್ಟು ಎಚ್ಚರಿಸುತ್ತೆ. ಜಾಕ್ ಸದ್ದೇ ಮಾಡಲ್ಲ. ಸುಮ್ಮನೆ ಇಳಿಯುತ್ತೆ, ಇಲ್ಲವೇ ಒಮ್ಮೆಲೇ ಕೂತುಬಿಡುತ್ತೆ. ಮಾರುತಿ 800ನಂಥ ಪುಟ್ಟ ಕಾರೇ ಸುಮಾರು 650 ಕೆ.ಜಿ. ಈಗಿನ ದೊಡ್ಡ ಗಾಡಿಗಳ ಮಾತು ಬಿಡಿ.

ಮನೆಯವರು ಜಾಕ್ ಕೊಳ್ಳಲು ಹೊರಟರೆ ನೀವೂ ಜೊತೆಗೆ ಹೋಗಿ. ಬಾಟಲ್ ಜಾಕ್ ಎಂಬುದು ಲಾರಿಯವರ ಬಳಿ ಇರುವ ಕುಳ್ಳನೆಯ, ನೆಟ್ಟಗೆ ನಿಲ್ಲುವ ಜಾಕ್. ಗಟ್ಟಿ ಹೌದು, ಆದರೆ ತಳ ಚಿಕ್ಕದು, ವಾಲೋದು ಜಾಸ್ತಿ. ಸಣ್ಣ ಕಾರುಗಳ ಕೆಳಗೆ ತೂರಿಸುವುದೂ ಕಷ್ಟ. ಮನೆ ಬಳಕೆಗೆ ಟ್ರಾಲಿ ಜಾಕೇ ವಾಸಿ. ಪುಟ್ಟ ಕಾರಿಗೆ 2 ಟನ್ನಿನದು ಸಾಕು, ದೊಡ್ಡ ಗಾಡಿಗೆ 3 ಟನ್ನಿನದು ಇರಲಿ. ಟನ್ನಿಗಿಂತ ಮುಖ್ಯವಾದದ್ದು ಅದರ ಎತ್ತರ. ಹೊಲಿಗೆ ಟೇಪು ತಗೊಂಡು ನೆಲದಿಂದ ಕಾರಿನ ಜಾಕ್ ಕೊಡುವ ಜಾಗದವರೆಗೆ ಅಳೆದುಕೊಂಡೇ ಅಂಗಡಿಗೆ ಹೋಗಿ. ಪಂಕ್ಚರ್ ಆದಾಗ ಕಾರು ಇನ್ನೂ ಎರಡು ಬೆರಳು ತಗ್ಗುತ್ತೆ, ಅದೂ ಲೆಕ್ಕದಲ್ಲಿರಲಿ. ಜಾಕಿನ ಜೊತೆಗೇ ಒಂದು ಜೊತೆ ಜಾಕ್ ಸ್ಟ್ಯಾಂಡ್ ಕೊಳ್ಳದೆ ಅಂಗಡಿಯಿಂದ ಆಚೆ ಬರಬೇಡಿ. 'ಅದೆಲ್ಲ ಯಾಕೆ, ದುಡ್ಡು ದಂಡ' ಅಂದರೆ, ಕೇಳಬೇಡಿ.

ಇಡೀ ಕಾರನ್ನೇ ಒಟ್ಟಿಗೆ ಎತ್ತುವ ಪೋರ್ಟಬಲ್ ಲಿಫ್ಟ್ ಕೂಡ ಬಂದಿದೆ. ಕಾರಿನ ಎರಡೂ ಪಕ್ಕಕ್ಕೆ ಉದ್ದನೆಯ ಚೌಕಟ್ಟು, ಎಣ್ಣೆ ದೂಡಲು ಒಂದು ಮೋಟಾರು. ಮೇಲಕ್ಕೆ ಹೋದ ಮೇಲೆ ಬೀಳದ ಹಾಗೆ ಕಬ್ಬಿಣದ ಲಾಕ್ ಕೂರುತ್ತೆ. ಅಮೆರಿಕದಲ್ಲಿರುವ ಮಗ ತನ್ನ ಗ್ಯಾರೇಜಿನಲ್ಲಿ ಇಟ್ಟುಕೊಂಡಿದ್ದಾನೆ ಅಂತ ಇಲ್ಲಿಗೂ ತರಿಸುವ ಆಸೆ ಬೇಡ. ಅದಕ್ಕೆ ಮಟ್ಟಸವಾದ ಗಟ್ಟಿ ಕಾಂಕ್ರೀಟ್ ನೆಲ ಬೇಕು, ಸುತ್ತ ಓಡಾಡಲು ಜಾಗ ಬೇಕು. ಕಾಂಪೌಂಡಿಗೂ ಗೋಡೆಗೂ ನಡುವೆ ಕಾರು ನುಗ್ಗಿಸಿ, ಹೊಟ್ಟೆ ಒಳಗೆಳೆದುಕೊಂಡು ಬಾಗಿಲಿನಿಂದ ಇಳಿಯುವ ನಮಗೆ ಅದೆಲ್ಲಿ ಸಾಧ್ಯ ಹೇಳಿ?

ನೆಲ ನೋಡಿ ಜಾಕ್ ಕೊಡಿ

ಹಳೇ ಬೆಂಗಳೂರಿನ ಮನೆಗಳಲ್ಲಿ ನಿಜವಾದ ತಾಪತ್ರಯ ಇರೋದು ನೆಲದ್ದು. 1898ರಲ್ಲಿ ಪ್ಲೇಗ್ ಬಂದ ಮೇಲೆ ಜನ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳಿಗೆ ಬಂದರಲ್ಲ, ಆಗ ಮನೆ ಕಟ್ಟಿಸಿದವರ ಲೆಕ್ಕದಲ್ಲಿ ಕಾರು ಇರಲಿಲ್ಲ. ಕಾರಿಗೆ ಜಾಗ ಆಮೇಲೆ ಮಾಡಿದ್ದು. ಹೂವಿನ ಗಿಡ ಇದ್ದಲ್ಲಿ ಕಲ್ಲು ಹಾಸಿ, ರಸ್ತೆಯಿಂದ ಒಳಗೆ ಇಳಿಜಾರು ಕಟ್ಟಿ, ಮೋರಿ ಮೇಲೆ ಚಪ್ಪಡಿ ಎಳೆದು ಗೇಟು ಅಗಲ ಮಾಡಿದ್ದು. ಇನ್ನು ಕಾವೇರಿ ನೀರು ಬಂದ ದಿನ ತುಂಬಿಸಿಕೊಳ್ಳಲು ಸಂಪು ತೋಡಿಸಿದ್ದೆಲ್ಲಿ? ಬಹಳಷ್ಟು ಮನೆಗಳಲ್ಲಿ ಕಾರು ನಿಲ್ಲುವ ಜಾಗದ ಕೆಳಗೇ.

ಸಂಪಿನ ಮೇಲೆ ದಿನಾ ಕಾರು ನಿಲ್ಲುತ್ತಲ್ಲ, ಜಾಕ್ ಇಟ್ಟರೇನು ಅಂತ ಕೇಳಬಹುದು. ಕಾರು ನಾಲ್ಕು ಟೈರುಗಳ ಮೇಲೆ ಭಾರ ಹಂಚಿಕೊಂಡು ನಿಂತಿರುತ್ತೆ. ಜಾಕ್ ಕೊಟ್ಟಾಗ ಕಾರಿನ ಆ ಮೂಲೆಯ ಭಾರವೆಲ್ಲ ಅಂಗೈಯಗಲದ ಜಾಗಕ್ಕೆ ಬೀಳುತ್ತೆ. ಸಂಪಿನ ಮುಚ್ಚಳ, ಮೋರಿಯ ಚಪ್ಪಡಿ, ಒಳಗೆ ಟೊಳ್ಳಾಗಿರುವ ಕಡಪಾ ಕಲ್ಲು ಇವುಗಳ ಮೇಲೆ ಜಾಕ್ ಬೇಡವೇ ಬೇಡ. ಕಲ್ಲಿನ ಮೇಲೆ ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ, ಟೊಳ್ಳಿದ್ದರೆ ಮಡಕೆ ತಟ್ಟಿದ ಹಾಗೆ ಸದ್ದು ಬರುತ್ತೆ. ಸಂಪು ಎಲ್ಲಿಂದ ಎಲ್ಲಿಯವರೆಗಿದೆ ಅನ್ನೋದು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರೋದು ನಮಗೇ ತಾನೆ, ಕ್ಲೀನ್ ಮಾಡಿಸೋರು ನಾವೇ.

ಇಳಿಜಾರಿನಲ್ಲೂ ಜಾಕ್ ಬೇಡ. ಮಟ್ಟಸವಾದ ಜಾಗ ಮನೆಯೊಳಗೆ ಇಲ್ಲದಿದ್ದರೆ ಆ ಕೆಲಸ ಮೆಕ್ಯಾನಿಕ್‌ಗೆ ಬಿಡಿ. ಟ್ರಾಲಿ ಜಾಕಿನದು ಇನ್ನೊಂದು ಗುಟ್ಟು ಇದೆ. ಅದರ ತೋಳು ಮೇಲಕ್ಕೆ ನೆಟ್ಟಗೆ ಹೋಗಲ್ಲ, ಕಮಾನಿನ ಹಾಗೆ ಬಾಗಿ ಏರುತ್ತೆ. ಅದಕ್ಕೆ ಸರಿಯಾಗಿ ಜಾಕ್ ತನ್ನ ಚಕ್ರಗಳ ಮೇಲೆ ಸ್ವಲ್ಪ ಉರುಳಲೇಬೇಕು. ಮಣ್ಣಿನಲ್ಲಿ, ಕಲ್ಲಿನ ಸಂದಿಯಲ್ಲಿ ಚಕ್ರ ಸಿಕ್ಕಿಕೊಂಡರೆ ಕಾರಿನ ಅಂಚಿನಿಂದ ಜಾರುತ್ತೆ. ದಪ್ಪನೆಯ ದೊಡ್ಡ ಪ್ಲೈವುಡ್ ಹಲಗೆ ಹಾಸಿ, ಅದರ ಮೇಲೆ ಜಾಕ್ ಇಡಬಹುದು. ಅಡುಗೆ ಮನೆಯ ಮಣೆ ಕೇಳಿಕೊಂಡು ಬಂದರೆ ಕೊಡಬೇಡಿ. ಅದು ಚಿಕ್ಕದಾಯಿತು, ಸಾಲದ್ದಕ್ಕೆ ಎಣ್ಣೆ ಕಲೆ ಯಾರು ತೊಳೀತಾರೆ?

ಜಾಕ್ ಕೊಡುವ ಮುಂಚೆ ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಹಾಕಿ. ಆಟೋಮ್ಯಾಟಿಕ್ ಆದರೆ ಪಾರ್ಕಿನಲ್ಲಿರಲಿ. ಅಷ್ಟರಿಂದಲೇ ನಿಶ್ಚಿಂತೆ ಬೇಡ. ಸಾಮಾನ್ಯವಾಗಿ ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಎರಡು ಚಕ್ರಗಳನ್ನು. ಹಿಂಭಾಗವನ್ನೇ ಎತ್ತಿದರೆ ಹಿಡಿಯಲು ಏನುಳಿಯಿತು? ಮುಂದಿನ ಒಂದು ಚಕ್ರ ಗಾಳಿಯಲ್ಲಿದ್ದರೆ ಗೇರಿನ ಹಿಡಿತವೂ ಹೋಯಿತು. ಹಾಗಾಗಿ ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಡಬೇಕು. ಆಯುಧಪೂಜೆಯ ದಿನ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡುವಷ್ಟು ಶ್ರದ್ಧೆ ಕಲ್ಲಿಡುವಾಗಲೂ ಇರಲಿ.

ಎಲ್ಲಿ ಎತ್ತಬೇಕು ಅನ್ನೋದು ಕಾರಿನ ಕೈಪಿಡಿಯಲ್ಲಿ ಚಿತ್ರ ಸಮೇತ ಇರುತ್ತೆ. ಬಾಗಿಲಿನ ಕೆಳಗಿನ ಅಂಚಿನಲ್ಲಿ, ಚಕ್ರದ ಹತ್ತಿರ, ಸಾಮಾನ್ಯವಾಗಿ ಗುರುತು ಇರುತ್ತೆ. ಎಂಜಿನ್ನಿನ ಅಡಿಯಲ್ಲಿರುವ ಎಣ್ಣೆ ತೊಟ್ಟಿಯನ್ನೂ ಮೆಕ್ಯಾನಿಕ್‌ಗಳು ಸಂಪು ಅಂತಲೇ ಕರೀತಾರೆ, ಅಲ್ಲೂ ಜಾಕ್ ಕೊಡಬಾರದು. ಒಟ್ಟಿನಲ್ಲಿ ಮನೆಯ ಸಂಪು, ಕಾರಿನ ಸಂಪು ಎರಡೂ ವರ್ಜ್ಯ!

ಚಕ್ರ ಬಿಚ್ಚುವುದಿದ್ದರೆ ನಟ್‌ಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲ ಮಾಡಿಕೊಳ್ಳಿ. ಎತ್ತಿದ ಮೇಲೆ ಪಾನದ ಮೇಲೆ ಕಾಲಿಟ್ಟು ಒದೆಯುವುದು ನೋಡಿದರೆ ಎದೆ ಝಲ್ಲೆನ್ನುತ್ತೆ. ವಾಪಸ್ ಬಿಗಿ ಮಾಡುವಾಗ ಹಾಸಿಗೆಗೆ ಬೆಡ್‌ಶೀಟ್ ಎಳೆಯುವ ಹಾಗೆ, ಒಂದು ಮೂಲೆಯದಾದ ಮೇಲೆ ಅದರ ಎದುರಿನದು. ಕಾರು ಕೆಳಗಿಳಿದ ಮೇಲೆ ಇನ್ನೊಮ್ಮೆ ಪೂರ್ತಿ ಬಿಗಿ.

ಸ್ಟ್ಯಾಂಡ್ ಇಟ್ಟಿರಾ?

ಕಾರು ಮೇಲೆದ್ದ ಕೂಡಲೇ ಗಟ್ಟಿ ಅಂಚಿನ ಕೆಳಗೆ ಜಾಕ್ ಸ್ಟ್ಯಾಂಡ್ ಇಡಬೇಕು. ಇಟ್ಟು, ಜಾಕಿನ ತಿರುಪನ್ನು ನಿಧಾನವಾಗಿ ಸಡಿಲಿಸಿ, ಕಾರಿನ ಭಾರವನ್ನು ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಆಮೇಲೆ ಹೊರಗೆ ನಿಂತು ಕಾರನ್ನು ಕೈಯಿಂದ ಒಮ್ಮೆ ಅಲ್ಲಾಡಿಸಿ ನೋಡಬೇಕು. ಬೀಳೋದಿದ್ದರೆ ಆಗಲೇ ಬೀಳಲಿ! ಬಿಚ್ಚಿದ ಚಕ್ರವನ್ನು ಸುಮ್ಮನೆ ಗೋಡೆಗೆ ಒರಗಿಸುವ ಬದಲು ಕಾರಿನ ಅಂಚಿನ ಕೆಳಗೆ ಅಡ್ಡ ಮಲಗಿಸಿ. ಸ್ಟ್ಯಾಂಡ್ ಜಾರಿದರೂ ಕಾರು ಪೂರ್ತಿ ನೆಲಕ್ಕೆ ಬೀಳದೆ ಆ ಚಕ್ರದ ಮೇಲೆ ನಿಲ್ಲುತ್ತೆ. ಅನುಭವಸ್ಥ ಮೆಕ್ಯಾನಿಕ್‌ಗಳು ಬಿಡದೆ ಮಾಡುವ ಕೆಲಸ ಇದು.

ಸ್ಟ್ಯಾಂಡ್ ಬದಲು ಇಟ್ಟಿಗೆ, ಸಿಮೆಂಟಿನ ಟೊಳ್ಳು ಬ್ಲಾಕ್ ಇಡುವವರಿದ್ದಾರೆ. ಬ್ಲಾಕ್ ನೋಡಲು ಗಟ್ಟಿ, ಆದರೆ ಒಂದು ಬಿಂದುವಿನ ಮೇಲೆ ಭಾರ ಬಿದ್ದರೆ ಪುಡಿಪುಡಿ. ಸೈಜುಗಲ್ಲು ಪುಡಿಯಾಗದೇ ಇರಬಹುದು, ಜಾರುತ್ತೆ. ಮನೆ ಕೆಲಸ ಮಾಡಿಸಿದಾಗ ಉಳಿದ ಸಾಮಾನೆಲ್ಲ ಇದಕ್ಕೆ ಬೇಡ.

ಈ ಹೊತ್ತಿನಲ್ಲಿ ನಮ್ಮ ಕೆಲಸ ಇನ್ನೊಂದಿದೆ. ಮಕ್ಕಳನ್ನು ಒಳಗೆ ಕಳಿಸಿ, ಗೇಟು ಹಾಕಿ. ರಸ್ತೆಯಲ್ಲಿ ಕ್ರಿಕೆಟ್ ಆಡುವ ಹುಡುಗರ ಚೆಂಡು ಉರುಳಿಕೊಂಡು ಬರೋದು ಕಾರಿನ ಕೆಳಗೇ. 'ಆಂಟೀ, ಬಾಲ್' ಎನ್ನುತ್ತಾ ಯಾರನ್ನೂ ಕೇಳದೆ ತೂರಿಬಿಡುತ್ತವೆ. ಎತ್ತಿದ ಕಾರನ್ನು ಊಟಕ್ಕೆಂದು, ರಾತ್ರಿಗೆಂದು ಹಾಗೇ ಬಿಟ್ಟು ಬರಬಾರದು. ಕಾರಿನೊಳಗೆ ಯಾರೂ ಕೂತಿರಬಾರದು. ನೀವೇ ಜಾಕ್ ಕೊಡುತ್ತಿದ್ದರೆ ಸೆರಗು, ದುಪಟ್ಟಾ ಬಿಗಿಯಾಗಿ ಸಿಕ್ಕಿಸಿ, ಬಳೆ ತೆಗೆದಿಡಿ.

ನಿಜ ಹೇಳಬೇಕೆಂದರೆ 'ಕೆಳಗೆ ನೋಡಬೇಕು' ಅನ್ನುವ ಅರ್ಧಕ್ಕರ್ಧ ಸಂದರ್ಭಗಳಲ್ಲಿ ಕಾರು ಎತ್ತುವ ಅಗತ್ಯವೇ ಇರಲ್ಲ. ಎಣ್ಣೆ ಸೋರುತ್ತಿದೆಯಾ ಅನ್ನೋ ಅನುಮಾನ ಇದ್ದರೆ ರಾತ್ರಿ ಕಾರಿನ ಕೆಳಗೆ ಹಳೇ ರಟ್ಟಿನ ಡಬ್ಬ ಬಿಡಿಸಿ ಹಾಸಿ, ಬೆಳಿಗ್ಗೆ ಎಳೆದು ನೋಡಿ. ಕಂದು, ಕಪ್ಪು ಬಣ್ಣದ ಜಿಡ್ಡು ಎಂಜಿನ್ ಆಯಿಲ್ ಇರಬಹುದು. ಹಸಿರು ಅಥವಾ ಗುಲಾಬಿ ಬಣ್ಣದ ನೀರು ಕೂಲೆಂಟ್ ಇರಬಹುದು. ಎ.ಸಿ. ಹಾಕಿಕೊಂಡು ಬಂದ ಮೇಲೆ ತೊಟ್ಟಿಕ್ಕುವ ಬರೀ ನೀರಿಗೆ ಹೆದರಬೇಕಿಲ್ಲ. ಚಕ್ರದ ಒಳಬದಿಯಲ್ಲಿ ಒದ್ದೆ ಕಂಡರೆ ಬ್ರೇಕ್ ಆಯಿಲ್ ಇರಬಹುದು, ಗಾಡಿ ತೆಗೆಯದೆ ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ. ನೆಲದ ಜಿಡ್ಡಿನ ಮೇಲೆ ಮರದ ಹೊಟ್ಟು ಚೆಲ್ಲಿ, ಅದು ಹೀರಿಕೊಂಡ ಮೇಲೆ ಗುಡಿಸಿದರೆ ಕಲೆ ಅಷ್ಟು ಹಿಡಿಯಲ್ಲ.

ಹೇಳಲು ಮನಸ್ಸಿಲ್ಲದಿದ್ದರೂ ಹೇಳಲೇಬೇಕಾದದ್ದೊಂದಿದೆ. ಕೆಲಸ ಶುರು ಮಾಡುವ ಮೊದಲು ಡಿಕ್ಕಿಯಲ್ಲಿರುವ ಮಾಮೂಲಿ ಜಾಕನ್ನೂ ತೆಗೆದು ಹೊರಗಿಟ್ಟುಕೊಳ್ಳಿ. ಅಕಸ್ಮಾತ್ ಯಾರಾದರೂ ಕೆಳಗೆ ಸಿಕ್ಕಿಕೊಂಡರೆ ಕಾಲು ಹಿಡಿದು ಎಳೆಯಬೇಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಕೂಗಿ ಅಕ್ಕಪಕ್ಕದವರನ್ನು ಕರೆಯಿರಿ, ಒಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಲಿ. ಇನ್ನೊಬ್ಬರು ಆ ಎರಡನೇ ಜಾಕನ್ನು ಗಟ್ಟಿ ಅಂಚಿಗೆ ಕೊಟ್ಟು ಎತ್ತಲಿ. ಕಾರು ಏರಿದಷ್ಟೂ ಕೆಳಗೆ ಚಕ್ರ, ಮರದ ದಿಮ್ಮಿ, ಏನು ಸಿಕ್ಕರೆ ಅದನ್ನು ತುಂಬುತ್ತಾ ಹೋಗಿ, ಮತ್ತೆ ಕುಸಿಯದಿರಲಿ. ಹೊರಬಂದವರು 'ಏನೂ ಆಗಿಲ್ಲ, ಚೆನ್ನಾಗಿದ್ದೀನಿ' ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು. ಒಳಗಿನ ಪೆಟ್ಟು ಹೊರಗೆ ಕಾಣಲ್ಲ.

ಕೆಲಸ ಮುಗಿದ ಮೇಲೆ ಜಾಕನ್ನು ಪೂರ್ತಿ ಇಳಿಸಿ, ಒರೆಸಿ, ಮಳೆ ನೀರು ತಾಗದ ಕಡೆ ಇಡಿ. ಬಾಟಲ್ ಜಾಕ್ ಆದರೆ ನೆಟ್ಟಗೆ ನಿಲ್ಲಿಸಿಯೇ ಇಡಬೇಕು. ಇಟ್ಟ ಕಡೆ ನೆಲದಲ್ಲಿ ಎಣ್ಣೆ ಮಚ್ಚೆ ಕಂಡರೆ ಸೀಲ್ ಸೋರುತ್ತಿದೆ ಅಂತ ತಿಳಿಯಿರಿ, ರಿಪೇರಿಯಾಗುವವರೆಗೆ ಮುಟ್ಟಬೇಡಿ. ಎಣ್ಣೆ ಕಡಿಮೆಯಾಗಿದ್ದರೆ ಅಂಗಡಿಯಲ್ಲಿ ಹೈಡ್ರಾಲಿಕ್ ಜಾಕ್ ಆಯಿಲ್ ಅಂತಲೇ ಕೇಳಿ ತಂದು ಹಾಕಿ. ಮನೆಯಲ್ಲಿ ಉಳಿದಿದೆ ಅಂತ ಬ್ರೇಕ್ ಆಯಿಲ್ ಸುರಿದರೆ ರಬ್ಬರ್ ಸೀಲ್ ಹಾಳಾಗುತ್ತೆ.