ಮೂರು ನಿಮಿಷದ ಹಾಡಿಗೆ ಮೂವತ್ತೆರಡು ವರ್ಷ

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ನನ್ನ ಕಪಾಟು ಜಾಲಾಡುತ್ತಿದ್ದಳು. ಏಳನೇ ತರಗತಿ ಮುಗಿಸಿದ ಹುಡುಗಿ, ಕೈ ಸುಮ್ಮನಿರುವುದಿಲ್ಲ. ಮೇಲಿನ ಅರೆಯಲ್ಲಿದ್ದ ನನ್ನ ಉದ್ದನೆಯ ಲೆಕ್ಕದ ಪುಸ್ತಕವನ್ನು ಎಳೆದಾಗ ಅದರೊಳಗಿನಿಂದ ಒಂದು ಕಪ್ಪು ತುಂಡು ನೆಲಕ್ಕೆ ಬಿತ್ತು.

“ಅಜ್ಜಾ, ಇದೇನಿದು? ಸುಟ್ಟ ರೊಟ್ಟಿ ಚೂರು ಇದ್ದಂಗದ!”

ಅದು ರೊಟ್ಟಿಯಲ್ಲ, ಗ್ರಾಮಾಫೋನ್ ಪ್ಲೇಟಿನ ನಡುಭಾಗದ ತುಂಡು. ಅದರ ಮೇಲೆ ಬಣ್ಣ ಮಾಸಿದ ಅರ್ಧ ಲೇಬಲ್. ಲೇಬಲ್ಲಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಒಂದು ಹೆಸರು ಉಳಿದಿದೆ: ಗಾಂಧಾರಿ. ಆ ತುಂಡಿನ ಉಳಿದ ಭಾಗವನ್ನು ಹುಡುಕಿಕೊಂಡು ನಾನು ಮೂವತ್ತೆರಡು ವರ್ಷ ತಿರುಗಿದೆ ಎಂದಾಗ ಅವಳು ನಂಬಲಿಲ್ಲ. “ಒಂದು ಹಾಡಿಗೆ?” ಎಂದಳು. ಹೌದು ಮಕ್ಕಳೇ, ಒಂದು ಹಾಡಿಗೆ. ಆ ಕಥೆಯನ್ನು ನಿಮಗೂ ಹೇಳುತ್ತೇನೆ.

ಒಡೆದ ಪ್ಲೇಟು

ನಮ್ಮದು ಹುಬ್ಬಳ್ಳಿ. ಅವ್ವ ಮದುವೆಯಾಗಿ ಬರುವಾಗ ಅವಳ ತಂದೆ ಬಳುವಳಿಯಾಗಿ ಒಂದು ಗ್ರಾಮಾಫೋನ್ ಪೆಟ್ಟಿಗೆ, ಜೊತೆಗೆ ನಾಲ್ಕು ಪ್ಲೇಟು ಕೊಟ್ಟಿದ್ದರು. ಅದಕ್ಕೆ ವಿದ್ಯುತ್ ಬೇಕಿರಲಿಲ್ಲ. ಪಕ್ಕದ ಹಿಡಿಕೆಯನ್ನು ತಿರುವಿ ಕೀಲಿ ಕೊಟ್ಟರೆ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ದೊಡ್ಡ ದೊಡ್ಡ ಉಸ್ತಾದರೂ ಒಂದು ರಾಗವನ್ನು ಮೂರು ನಿಮಿಷದಲ್ಲಿ ಮುಗಿಸಲೇಬೇಕು! ಉಕ್ಕಿನ ಸೂಜಿ ಬೇಗ ಸವೆಯುತ್ತಿತ್ತು. ಮಗ್ಗುಲಿಗೊಂದು ಹೊಸ ಸೂಜಿ ಹಾಕಬೇಕಿತ್ತು. ಪ್ಲೇಟಿನಲ್ಲಿ ಅರಗು ಸೇರಿರುತ್ತಿದ್ದುದರಿಂದ ಕೈ ಜಾರಿದರೆ ಹಂಚಿನ ಹಾಗೆ ಒಡೆಯುತ್ತಿತ್ತು.

ಆ ನಾಲ್ಕರಲ್ಲಿ ಅವ್ವನಿಗೆ ಪ್ರೀತಿಯದು ಒಂದೇ. ಎಳೆಯ, ಚೂಪಾದ ಹೆಣ್ಣು ದನಿ. ರೊಟ್ಟಿ ತಟ್ಟುವಾಗ ಅವ್ವ ಅದನ್ನೇ ಗುನುಗುತ್ತಿದ್ದಳು. 1960ರಲ್ಲಿ, ನನಗೆ ಒಂಬತ್ತು ವರ್ಷವಿದ್ದಾಗ, ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ನಾನೇ ಅದನ್ನು ಹಾಕಲು ಹೋದೆ. ಕೈ ಜಾರಿತು.

ಅವ್ವ ಬಂದು ನೋಡಿದಳು. ಹೊಡೆಯಲಿಲ್ಲ, ಬೈಯಲಿಲ್ಲ. “ಕಾಲಿಗೆ ಚುಚ್ಚೀತು, ಆ ಕಡೆ ಸರಿ” ಎಂದು ಚೂರುಗಳನ್ನು ಗುಡಿಸಿದಳು. ನಡುವಿನ ಒಂದು ತುಂಡನ್ನು ನಾನು ಚಡ್ಡಿಯ ಕಿಸೆಗೆ ಹಾಕಿಕೊಂಡೆ. ಅಂದಿನಿಂದ ಅವ್ವ ಆ ಹಾಡು ಗುನುಗುವುದನ್ನು ನಾನು ಕೇಳಲಿಲ್ಲ. ಹೊಡೆದಿದ್ದರೆ ಮರೆತುಬಿಡುತ್ತಿದ್ದೆನೇನೋ. ದುಡಿಯುವಂತಾದ ಮೇಲೆ ಅದೇ ಪ್ಲೇಟು ತಂದು ಕೊಡಬೇಕೆಂದು ಮನಸ್ಸಿನಲ್ಲೇ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಕಿವಿಯೇ ನಮ್ಮ ಪುಸ್ತಕ

ಆಗ ಹಾಡಿನ ಬಗ್ಗೆ ತಿಳಿಯಲು ಇದ್ದ ಮೊದಲ ದಾರಿ ರೇಡಿಯೊ. ನಮ್ಮ ಭಾಗದವರ ಪುಣ್ಯ, ಧಾರವಾಡದಲ್ಲಿ 1950ರಲ್ಲೇ ಆಕಾಶವಾಣಿ ಕೇಂದ್ರ ಬಂದಿತ್ತು. “ಆಕಾಶವಾಣಿ” ಎಂಬ ಹೆಸರೂ ನಮ್ಮ ನಾಡಿನ ಕೊಡುಗೆಯೇ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದರು; ಅವರ ಕೇಂದ್ರದ ಹೆಸರೇ ಮುಂದೆ ಇಡೀ ದೇಶದ್ದಾಯಿತು. ರೇಡಿಯೊ ಇಟ್ಟುಕೊಳ್ಳಲು ವರ್ಷವರ್ಷ ಪೋಸ್ಟ್ ಆಫೀಸಿಗೆ ಹಣ ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು ಎಂದರೆ ಈಗಿನ ಮಕ್ಕಳು ನಗುತ್ತಾರೆ.

ಸಿನಿಮಾ ಹಾಡಿನ ಹುಚ್ಚಿದ್ದವರು ಶಾರ್ಟ್ ವೇವ್‌ನಲ್ಲಿ ರೇಡಿಯೊ ಸಿಲೋನ್ ಹಿಡಿಯುತ್ತಿದ್ದರು. ದನಿ ಸಮುದ್ರದ ತೆರೆಯ ಹಾಗೆ ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. 1952ರಲ್ಲಿ ಶುರುವಾದ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಬರುವ ಬುಧವಾರ ರಾತ್ರಿ ಬೀದಿಯೇ ಖಾಲಿ. ಬೆಳಗಿನ ಹಳೆಯ ಹಾಡುಗಳ ಕಾರ್ಯಕ್ರಮ ಎಂಟಕ್ಕೆ ಮುಗಿಯುವ ಮುಂಚೆ ಸೈಗಲ್ ಹಾಡು ಬರುತ್ತಿತ್ತು. ಅದು ಬಂತೆಂದರೆ ಶಾಲೆಗೆ ಹೊರಡುವ ಹೊತ್ತಾಯಿತು ಎಂದೇ ಲೆಕ್ಕ. ಹಾಡು ಕೋರಿ ಕಾರ್ಡು ಬರೆದವರ ಹೆಸರು ಓದುವಾಗ ಮತ್ತೆ ಮತ್ತೆ ಕೇಳಿಬರುತ್ತಿದ್ದ ಊರು ಝುಮ್ರಿ ತಲೈಯಾ. ಅಂಥದೊಂದು ಊರು ನಿಜವಾಗಿ ಇದೆಯೇ ಎಂದು ನಾವು ಜಗಳವಾಡುತ್ತಿದ್ದೆವು. ಇದೆ, ಈಗಿನ ಜಾರ್ಖಂಡ್‌ನಲ್ಲಿ.

ಎರಡನೆಯ ದಾರಿ ಹಾಡಿನ ಪುಸ್ತಕ. ಟಾಕೀಸಿನ ಬಾಗಿಲಲ್ಲಿ ಕೆಲವೇ ಪೈಸೆಗೆ ಸಿಗುತ್ತಿದ್ದ ತೆಳು ಹಾಳೆಯ ಪುಸ್ತಕದಲ್ಲಿ ಹಾಡುಗಳ ಜೊತೆ ಅರ್ಧ ಕಥೆ ಇರುತ್ತಿತ್ತು. ಕಥೆ ರಂಗೇರುವ ಹೊತ್ತಿಗೆ “ಮುಂದಿನದನ್ನು ಬೆಳ್ಳಿ ತೆರೆಯ ಮೇಲೆ ನೋಡಿ” ಎಂದು ನಿಲ್ಲಿಸಿಬಿಡುತ್ತಿದ್ದರು! ಹಾಡಿದವರು ಯಾರು, ಬರೆದವರು ಯಾರು ಎಂಬ ವಾದಕ್ಕೆ ಆ ಪುಸ್ತಕವೇ ನ್ಯಾಯಾಧೀಶ. ಸೋತವನು ಚಹಾ ಕುಡಿಸಬೇಕು. ಇಂಥ ಸಣ್ಣ ಸಣ್ಣ ಮಾಹಿತಿಯನ್ನೇ ವರ್ಷಗಟ್ಟಲೆ ಕೂಡಿಸಿ ಕಾನ್ಪುರದ ಹರ್‌ಮಂದಿರ್ ಸಿಂಗ್ “ಹಮ್‌ರಾಜ್” ಅವರು “ಹಿಂದಿ ಫಿಲ್ಮ್ ಗೀತ್ ಕೋಶ್” ಎಂಬ ದಪ್ಪ ದಪ್ಪ ಸಂಪುಟಗಳನ್ನೇ ತಂದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಶುರುಮಾಡಿದ ಕೆಲಸ ಅದು.

ಮೂರನೆಯದು ಅಂಗಡಿ. ಗ್ರಾಮಾಫೋನ್ ಕಂಪನಿಗಳು ಅಚ್ಚು ಹಾಕಿಸಿದ ಪಟ್ಟಿಗಳು ಅಲ್ಲಿರುತ್ತಿದ್ದವು. ಹೊಸ ಪಟ್ಟಿ ಬಂದಾಗ ಹಳೆಯದನ್ನು ಬೇಡಿ ತರುತ್ತಿದ್ದೆ. ಪ್ರತಿ ಪ್ಲೇಟಿಗೂ ಒಂದು ಸಂಖ್ಯೆ ಇರುತ್ತದೆ. ಸಂಖ್ಯೆ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ನನ್ನ ದುರದೃಷ್ಟ, ಸಂಖ್ಯೆ ಇದ್ದ ಅರ್ಧ ಲೇಬಲ್ ಅವ್ವ ಗುಡಿಸಿದ ಚೂರುಗಳ ಜೊತೆ ಹೋಗಿತ್ತು.

ಸಂಡೆ ಬಜಾರಿನಿಂದ ಚೋರ್ ಬಜಾರಿಗೆ

ಬಿಕಾಂ ಮುಗಿಸಿ 1973ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದೆ. ಗದಗ, ಬೆಳಗಾವಿ, ಬೆಂಗಳೂರು ಎಂದು ವರ್ಗವಾಗುತ್ತಾ ಹೋಯಿತು. ಹೆಂಡತಿಗೆ ಸಾಮಾನು ಕಟ್ಟುವ ಬೇಸರ, ನನಗೆ ಹೊಸ ಊರಿನ ಹಳೆಯ ಸಾಮಾನಿನ ಅಂಗಡಿ ನೋಡುವ ಆಸೆ. ಗದಗಿನಲ್ಲಿದ್ದಾಗ ಎಲ್ಲರೂ ಹೇಳುತ್ತಿದ್ದ ಮಾತೊಂದಿತ್ತು: ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ, ಅಂಥ ಸಂಗೀತ ಕಲಿಯಲೇಬೇಕೆಂದು ಮನೆ ಬಿಟ್ಟು ಹೋದರಂತೆ. ಮೂರು ನಿಮಿಷದ ಪ್ಲೇಟಿನ ಶಕ್ತಿ ನೋಡಿ!

ಬೆಂಗಳೂರಿನ ಸಂಡೆ ಬಜಾರಿನಲ್ಲಿ ಪ್ಲೇಟುಗಳನ್ನು ನೆಲದ ಮೇಲೆ ಸಾಲಾಗಿ ನಿಲ್ಲಿಸಿರುತ್ತಿದ್ದರು. ಬೆರಳಿನಿಂದ ಒಂದೊಂದೇ ಸರಿಸಿ ನೋಡಬೇಕು. ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಟಣ್ ಎಂದರೆ ಗಟ್ಟಿ, ದಪ್ ಎಂದರೆ ಎಲ್ಲೋ ಬಿರುಕಿದೆ. ಮಡಕೆ ಕೊಳ್ಳುವ ಹಾಗೆಯೇ.

ಎಲ್ಲರನ್ನೂ “ಗಾಂಧಾರಿ ಎಂಬವರ ಪ್ಲೇಟು ಇದೆಯೇ?” ಎಂದು ಕೇಳುತ್ತಿದ್ದೆ. ಹದಿನೈದು ಪೈಸೆಯ ಕಾರ್ಡಿನ ಮೇಲೆ ಎಷ್ಟೋ ಜನ ಸಂಗ್ರಾಹಕರಿಗೆ, ರೇಡಿಯೊ ಕೇಂದ್ರಗಳಿಗೆ ಬರೆದೆ. ಉತ್ತರ ಬರಲೆಂದು ಜೋಡು ಕಾರ್ಡು ಕಳಿಸುತ್ತಿದ್ದೆ. ಬಂದ ಉತ್ತರಗಳೆಲ್ಲ ಒಂದೇ: ಆ ಹೆಸರಿನ ಗಾಯಕಿ ಗೊತ್ತಿಲ್ಲ. ಯಾರಿಗೆ ಬರೆದೆ, ಯಾವ ದಿನ, ಏನು ಉತ್ತರ ಎಂದು ಎಲ್ಲವನ್ನೂ ಲೆಕ್ಕದ ಪುಸ್ತಕದಲ್ಲಿ ದಾಖಲಿಸಿದೆ. ಗುಮಾಸ್ತನ ಬುದ್ಧಿ.

ಈ ಹುಡುಕಾಟದಲ್ಲಿ ಬೇರೆ ಲಾಭಗಳಾದವು. ಟೇಪ್ ರೆಕಾರ್ಡರ್ ಬಂದ ಮೇಲೆ ರೇಡಿಯೊ ಮುಂದೆ ಅದನ್ನಿಟ್ಟು ಧಾರವಾಡ ಕೇಂದ್ರದ ಕಛೇರಿಗಳನ್ನು ಹಿಡಿದಿಟ್ಟೆ. ಮಲ್ಲಿಕಾರ್ಜುನ ಮನಸೂರರ ಒಂದು ಕ್ಯಾಸೆಟ್ಟಿನಲ್ಲಿ ಆಲಾಪದ ಜೊತೆ ನಮ್ಮ ಮನೆಯ ಕುಕ್ಕರಿನ ಮೂರು ಸೀಟಿಯೂ ಇದೆ. ಕ್ಯಾಸೆಟ್ಟಿನ ಟೇಪು ಸಡಿಲವಾದರೆ ಹಲ್ಲಿನ ಚಕ್ರಕ್ಕೆ ಪೆನ್ಸಿಲ್ ತೂರಿಸಿ ಸುತ್ತಬೇಕಿತ್ತು. ಒಬ್ಬರಲ್ಲಿದ್ದದ್ದನ್ನು ಇನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದೆವು. ಹಣದ ಮಾತಿಲ್ಲ. ನಿನ್ನಲ್ಲಿರುವುದನ್ನು ಕೊಡು, ನನ್ನಲ್ಲಿರುವುದನ್ನು ಒಯ್ಯಿ, ಅಷ್ಟೇ.

1990ರಲ್ಲಿ ಮುಂಬೈಯಲ್ಲಿ ಹಳೆಯ ರೆಕಾರ್ಡು ಸಂಗ್ರಹಿಸುವವರ ಸಂಘವೊಂದು ಹುಟ್ಟಿತು: ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್. ತಮ್ಮದೇ ಪತ್ರಿಕೆ ತಂದು, ಯಾರ ಪ್ಲೇಟು ಯಾವ ಸಂಖ್ಯೆಯದು ಎಂದು ಪಟ್ಟಿ ಮಾಡುತ್ತಿದ್ದರು. ಅಂಥವರ ಶ್ರಮದಿಂದಲೇ ನಮಗೆ ಹಳೆಯ ಸಂಗತಿಗಳು ತಿಳಿದವು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿ ಮುದ್ರಿಸಿದಾಗ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು. ಏಕೆ ಗೊತ್ತೇ? ಪ್ಲೇಟು ತಯಾರಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಬೇಕಲ್ಲ! ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

1992ರಲ್ಲಿ ಮದುವೆಯೊಂದಕ್ಕೆಂದು ಮುಂಬೈಗೆ ಹೋದವನು ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋದೆ. ಹಳೆಯ ರೆಕಾರ್ಡಿನ ಅಂಗಡಿಯಲ್ಲಿ ನನ್ನ ತುಂಡನ್ನು ತೋರಿಸಿದಾಗ, ಪಕ್ಕದಲ್ಲಿ ಪ್ಲೇಟು ಸರಿಸುತ್ತಿದ್ದ ವಯಸ್ಸಾದವರೊಬ್ಬರು ಕನ್ನಡಕ ಏರಿಸಿ ನೋಡಿದರು. ಯಾವ ಊರು ಎಂದು ಕೇಳಿದರು. ಹುಬ್ಬಳ್ಳಿ ಎಂದೆ. ಅವರು ಜೋರಾಗಿ ನಕ್ಕರು.

“ಹುಬ್ಬಳ್ಳಿಯಿಂದ ಇಲ್ಲೀತನಕಾ ಬಂದ್ರ್ಯಾ? ಗಾಂಧಾರಿ ನಿಮ್ಮ ಊರಾಗೇ ಇದ್ದಾರಲ್ರೀ. ಗಂಗೂಬಾಯಿ ಹಾನಗಲ್!”

ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಗಂಗೂಬಾಯಿಯವರ ಕಛೇರಿಗಳನ್ನು ಹಲವು ಸಲ ಎದುರಿಗೇ ಕುಳಿತು ಕೇಳಿದ್ದವನು ನಾನು. ಆದರೆ ಅವರದು ಗಡಸಾದ, ಗಂಡು ದನಿಯಂಥ ದನಿ. ಪ್ಲೇಟಿನದು ಎಳೆಯ ಚೂಪು ದನಿ. ಆ ಹಿರಿಯರು ಬಿಡಿಸಿ ಹೇಳಿದರು: ಅವರ ಮೊದಲ ಹೆಸರು ಗಾಂಧಾರಿ. 1930ರ ದಶಕದ ಪ್ಲೇಟುಗಳ ಮೇಲೆ ಹುಬ್ಬಳ್ಳಿಯ ಗಾಂಧಾರಿ ಎಂದೇ ಇರುತ್ತಿತ್ತು. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ದನಿ ಬದಲಾಯಿತು. ಬದಲಾದ ದನಿಯಲ್ಲೇ ಸಾಧನೆ ಮಾಡಿ ಅವರು ದೇಶಕ್ಕೇ ದೊಡ್ಡವರಾದರು.

ಮರುದಿನ ಅವರ ಮನೆಗೆ ಹೋದೆ. ಅದೇ ಹಾಡು ಅವರಲ್ಲಿತ್ತು. ಪ್ಲೇಟು ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಕ್ಯಾಸೆಟ್ಟಿಗೆ ನಕಲು ಮಾಡಿಕೊಟ್ಟರು. ಬೆಲೆ: ನನ್ನ ಮನಸೂರರ ಕ್ಯಾಸೆಟ್ಟಿನ ಒಂದು ನಕಲು, ಕುಕ್ಕರ್ ಸೀಟಿ ಸಮೇತ.

ಅವ್ವ ಹೇಳಿದ್ದು

ಹುಬ್ಬಳ್ಳಿಗೆ ಬಂದವನೇ ಟೇಪ್ ರೆಕಾರ್ಡರನ್ನು ಅಡುಗೆಮನೆಗೆ ಒಯ್ದು ಹಾಕಿದೆ. ಅವ್ವನಿಗೆ ಆಗ ಅರವತ್ತೆಂಟು. ಮೊದಲ ಸ್ವರಕ್ಕೇ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು. ಮೂರು ನಿಮಿಷ ಮಾತಿಲ್ಲ. ಮುಗಿದ ಮೇಲೆ ನಾನು ಎಲ್ಲವನ್ನೂ ಹೇಳಿದೆ: ಕಿಸೆಯ ತುಂಡು, ಕಾರ್ಡುಗಳು, ಬಜಾರುಗಳು, ಮುಂಬೈ.

ಅವ್ವ ನನ್ನನ್ನೇ ನೋಡಿದಳು. “ಅಲ್ಲೋ ಹುಚ್ಚಪ್ಪಾ, ನನ್ನನ್ನ ಒಂದು ಮಾತು ಕೇಳಬಾರದಿತ್ತೇನೋ? ಗಾಂಧಾರಿ ಅಂದ್ರ ಗಂಗೂಬಾಯಿ ಅಂತ ನಮ್ಮ ಓಣ್ಯಾಗ ಸಣ್ಣ ಹುಡುಗರಿಗೂ ಗೊತ್ತಿತ್ತು.”

“ನೀ ಸಿಟ್ಟಾಗಿ ಹಾಡೋದ ಬಿಟ್ಟಿ ಅಂತ ತಿಳ್ಕೊಂಡಿದ್ದೆ, ಅವ್ವಾ.”

“ಸಿಟ್ಟ ಎಲ್ಲೀದು? ನಾ ಗುನುಗಿದ್ರ ನಿನ್ನ ಮಾರಿ ಸಣ್ಣದಾಗತಿತ್ತು. ಅದಕ್ಕ ಬಿಟ್ಟೆ.”

ಮೂವತ್ತೆರಡು ವರ್ಷ ನಾನು ಅವಳಿಗೆ ನೋವಾದೀತೆಂದು ಕೇಳಲಿಲ್ಲ, ಅವಳು ನನಗೆ ನೋವಾದೀತೆಂದು ಹಾಡಲಿಲ್ಲ. ಅಂದು ಸಂಜೆ ರೊಟ್ಟಿ ತಟ್ಟುವಾಗ ಅವ್ವ ಆ ಹಾಡು ಗುನುಗಿದಳು. ದನಿ ನಡುಗುತ್ತಿತ್ತು, ಒಂದೆರಡು ಕಡೆ ತಪ್ಪಿತು ಕೂಡ. ನನ್ನ ಲೆಕ್ಕದ ಪುಸ್ತಕದಲ್ಲಿ ಆ ದಿನದ ಎದುರು “ಸಂದಾಯವಾಯಿತು” ಎಂದು ಬರೆದೆ.

ಈ ಕಥೆ ಕೇಳಿ ಮೊಮ್ಮಗಳು ಫೋನು ತೆಗೆದು ಗಾಂಧಾರಿ ಎಂದು ಹುಡುಕಿದಳು. ಮಹಾಭಾರತದ ಗಾಂಧಾರಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಂದಳು! ಇಬ್ಬರೂ ನಕ್ಕೆವು. ಫೋನು ಕ್ಷಣದಲ್ಲಿ ಹುಡುಕಿ ಕೊಡುತ್ತದೆ, ಆದರೆ ಏನು ಕೇಳಬೇಕೆಂದು ನಮಗೆ ತಿಳಿದಿರಬೇಕು. ಆ ತಿಳಿವಳಿಕೆ ಎಷ್ಟೋ ಸಲ ಮನೆಯ ಹಿರಿಯರ ತಲೆಯಲ್ಲಿ ಇರುತ್ತದೆ.

ಆದ್ದರಿಂದ ಮಕ್ಕಳೇ, ಇವತ್ತೇ ಒಂದು ಹಳೆಯ ನೋಟುಬುಕ್ಕಿನಲ್ಲಿ ನಾಲ್ಕು ಕಲಂ ಹಾಕಿ: ಹಾಡು, ಹಾಡಿದವರು, ಎಲ್ಲಿ ಕೇಳಿದ್ದು, ಹೇಳಿದವರು ಯಾರು. ಅಜ್ಜ, ಅಜ್ಜಿಯ ಹತ್ತಿರ ಕುಳಿತು ತುಂಬಿಸಿ. ಹೆಸರು ಮರೆತಿದ್ದರೆ ಗುನುಗಲು ಹೇಳಿ, ಆಗ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ನಾವು ಹಿರಿಯರೂ ಅಷ್ಟೇ, ಮಕ್ಕಳು ಕೇಳಲಿ ಎಂದು ಕಾಯುತ್ತಾ ಕೂರಬಾರದು.

ಮೊಮ್ಮಗಳು ಅಂದೇ ಪುಸ್ತಕ, ಪೆನ್ನು ಹಿಡಿದು ಅಡುಗೆಮನೆಗೆ ಓಡಿದಳು. ಅವಳ ಅಜ್ಜಿ ಒಗ್ಗರಣೆ ಹಾಕುವಾಗ ಯಾವಾಗಲೂ ಒಂದು ಹಾಡು ಗುನುಗುತ್ತಾಳೆ. ಅದು ಯಾವುದೆಂದು ಕೇಳಿ ಬರೆದುಕೊಂಡು ಬಂದಳು. ಮದುವೆಯಾಗಿ ನಲವತ್ತೇಳು ವರ್ಷವಾಯಿತು, ನಾನು ಅದನ್ನು ಕೇಳಿಯೇ ಇರಲಿಲ್ಲ.