ಫುಟ್‌ರೆಸ್ಟ್ ಮಡಚಿಕೊಳ್ಳುವುದೇಕೆ?

ದೂರ ಪ್ರಯಾಣದ ಮೋಟಾರ್‌ಸೈಕಲ್ಲಿನಲ್ಲಿ ಸವಾರನ ಪಾದಕ್ಕೆ ಸಿಗುವ ಆಸರೆ ಎರಡು ಬಗೆಯದು. ಒಂದು, ಚೌಕಟ್ಟಿನಿಂದ ಪಕ್ಕಕ್ಕೆ ಚಾಚಿಕೊಂಡ, ಗೇಣಿಗೂ ಕಿರಿದಾದ ಫುಟ್‌ರೆಸ್ಟ್. ಇನ್ನೊಂದು, ಹಾರ್ಲೆ-ಡೇವಿಡ್‌ಸನ್ ಟೂರಿಂಗ್ ಬೈಕುಗಳಲ್ಲಿ ಕಾಣುವಂಥ, ಇಡೀ ಪಾದವನ್ನು ಹೊರುವ ಫ್ಲೋರ್‌ಬೋರ್ಡ್. ಹಲಗೆಯ ಮೇಲೆ ಪಾದವನ್ನು ಹಿಂದೆ ಮುಂದೆ ಸರಿಸಬಹುದಾದ್ದರಿಂದ ಮೊಣಕಾಲು ಗಂಟೆಗಟ್ಟಲೆ ಒಂದೇ ಕೋನದಲ್ಲಿ ಸೆಟೆದಿರಬೇಕಾಗಿಲ್ಲ. ಆದರೆ ಆ ಅಗಲದ ತೊಡಕು ತಿರುವಿನಲ್ಲಿ ತಿಳಿಯುತ್ತದೆ.

ತಿರುವಿನಲ್ಲಿ ಬೈಕು ಒಳಕ್ಕೆ ವಾಲಲೇಬೇಕು. ಎಷ್ಟು ವಾಲಬೇಕೆಂಬುದನ್ನು ವೇಗ ಮತ್ತು ತಿರುವಿನ ತ್ರಿಜ್ಯ ನಿರ್ಧರಿಸುತ್ತವೆ; ಅದರಲ್ಲಿ ಬೈಕಿನ ತೂಕಕ್ಕೆ ಪಾತ್ರವಿಲ್ಲ. ಸಮತಟ್ಟಾದ ರಸ್ತೆಯಲ್ಲಿ 30 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 47 ಕಿ.ಮೀ. ವೇಗದಲ್ಲಿ ದಾಟಲು ಸುಮಾರು 30 ಡಿಗ್ರಿ ವಾಲಿಕೆ ಬೇಕು, 57 ಕಿ.ಮೀ. ವೇಗಕ್ಕೆ ಸುಮಾರು 40 ಡಿಗ್ರಿ. ತಗ್ಗಿನಲ್ಲಿ ಅಗಲವಾಗಿ ಕೂರಿಸಿದ ಫ್ಲೋರ್‌ಬೋರ್ಡಿನ ಅಂಚು ಸಾಮಾನ್ಯವಾಗಿ 30 ಡಿಗ್ರಿಯ ಆಸುಪಾಸಿನಲ್ಲೇ ನೆಲ ಮುಟ್ಟುತ್ತದೆ. ಆಗ ಅದು ಮಣಿಯದೆ ನಿಂತರೆ, ಟೈರು ಹೊರಬೇಕಾದ ಭಾರದ ಒಂದು ಪಾಲು ಆ ಅಂಚಿಗೆ ಬಂದು ಚಕ್ರದ ಹಿಡಿತವೇ ತಪ್ಪುತ್ತದೆ. ಅದಕ್ಕಾಗಿಯೇ ಫುಟ್‌ರೆಸ್ಟೂ ಫ್ಲೋರ್‌ಬೋರ್ಡೂ ಕೀಲಿನ ಮೇಲೆ ಕೂತು, ನೆಲ ತಾಕಿದೊಡನೆ ಮೇಲಕ್ಕೆ ಮಡಚಿಕೊಳ್ಳುತ್ತವೆ. ಅನೇಕ ಫುಟ್‌ರೆಸ್ಟುಗಳ ತುದಿಯಲ್ಲಿ ಕೆಳಮುಖವಾದ ಗುಂಡುತಲೆಯ ಬೋಲ್ಟೊಂದಿರುತ್ತದೆ. ಎಲ್ಲಕ್ಕಿಂತ ಮೊದಲು ರಸ್ತೆ ಕೆರೆದು ಸದ್ದು ಮಾಡಿ ಎಚ್ಚರಿಸುವುದು ಅದರ ಕೆಲಸ. ಘಟ್ಟದ ರಸ್ತೆಗಳಲ್ಲಿ ಓಡಾಡಿದ ಬೈಕಿನ ಆ ಬೋಲ್ಟನ್ನು ಬಗ್ಗಿ ನೋಡಿದರೆ, ಒಂದು ಮಗ್ಗುಲು ಮಾತ್ರ ಓರೆಯಾಗಿ ಸವೆದು ಹೊಳೆಯುತ್ತಿರುತ್ತದೆ. ಸವಾರ ವಾಲಿದ ಕೋನವೇ ಅಲ್ಲಿ ಲೋಹದಲ್ಲಿ ಉಳಿದಿರುತ್ತದೆ.

ಹೊಸ ಫುಟ್‌ರೆಸ್ಟ್ ಜೋಡಿಸುವಾಗ ಎಡಬಲ ಅದಲುಬದಲಾದರೆ ಈ ಮಡಚುವಿಕೆಯ ದಿಕ್ಕೇ ಕೆಡುತ್ತದೆ. ಅದು ಮೇಲಕ್ಕೆ, ಹಿಂದಕ್ಕೆ ಮಡಚಬೇಕು. ಮಡಚಿದ್ದು ತಾನಾಗಿ ಇಳಿಯದಿದ್ದರೆ ಕೀಲಿನ ಪಿನ್ನಿನಲ್ಲಿ ಕೆಸರು ಒಣಗಿದೆ, ತುಕ್ಕು ಹಿಡಿದಿದೆ ಇಲ್ಲವೇ ಸ್ಪ್ರಿಂಗಿನ ಕಾಲು ತನ್ನ ಜಾಗದಲ್ಲಿ ಕೂತಿಲ್ಲ ಎಂದೇ ಅರ್ಥ. ಆಸರೆಯ ಎತ್ತರ ಬದಲಾದಾಗ ಬ್ರೇಕ್ ಪೆಡಲನ್ನೂ ಗೇರ್ ಲಿವರನ್ನೂ ಅದಕ್ಕೆ ತಕ್ಕಂತೆ ಸರಿಹೊಂದಿಸಬೇಕು. ಇಲ್ಲದಿದ್ದರೆ ಹೆಬ್ಬೆರಳು ಅರಿವಿಲ್ಲದೆ ಪೆಡಲಿನ ಮೇಲೆ ಕೂತು, ಬ್ರೇಕು ದಾರಿಯುದ್ದಕ್ಕೂ ಉಜ್ಜಿ ಕಾಯುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದ ದೋಷ ಬೋಲ್ಟು ಸಡಿಲವಾಗುವುದು. ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಬಾರಿ ನಡುಕ ಹುಟ್ಟುತ್ತದೆ. ಫ್ಲೋರ್‌ಬೋರ್ಡಿನ ರಬ್ಬರ್ ಹಾಸು ಅದನ್ನು ಪಾದಕ್ಕೆ ಅಷ್ಟಾಗಿ ಮುಟ್ಟಿಸದಿದ್ದರೂ ಬೋಲ್ಟಿಗೆ ಆ ರಕ್ಷಣೆ ಇಲ್ಲ. ಬಿಗಿದ ಬೋಲ್ಟು ತಾನಾಗಿ ಬಿಚ್ಚಿಕೊಳ್ಳುವುದು ಹೇಗೆಂದು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ವಿವರಿಸಿದರು. ತಿರುಪಿನ ಥ್ರೆಡ್ ಎಂದರೆ ಸುತ್ತಿಕೊಂಡ ಇಳಿಜಾರು. ಬೋಲ್ಟು ಅಲ್ಲಿ ನಿಂತಿರುವುದು ಘರ್ಷಣೆಯ ಬಲದಿಂದ. ಇಳಿಜಾರಿನ ಮೇಲೆ ಅಲುಗದೆ ಕೂತ ಕಲ್ಲನ್ನು ಅಡ್ಡಕ್ಕೆ ಜಾರಿಸಿದರೆ ಅದು ಜೊತೆಗೇ ಕೆಳಕ್ಕೂ ಜಾರುತ್ತದೆ. ಹಾಗೆಯೇ ಅಡ್ಡ ಕಂಪನಕ್ಕೆ ಥ್ರೆಡ್ಡಿನ ಮೈ ಪ್ರತಿಸಲ ಕೂದಲೆಳೆಯಷ್ಟು ಜಾರಿದಾಗ, ತಿರುಗದಂತೆ ತಡೆಯಲು ಘರ್ಷಣೆ ಉಳಿಯುವುದಿಲ್ಲ. ಇಂಥ ಕಂಪನಕ್ಕೆ ಸ್ಪ್ರಿಂಗ್ ವಾಷರಿನಿಂದ ಹೆಚ್ಚೇನೂ ಪ್ರಯೋಜನವಿಲ್ಲ.

ಹೀಗಾಗಿ ಕೀಲಿನ ಪಿನ್ನಿಗೆ ಗ್ರೀಸು ಬೇಕು. ಚೌಕಟ್ಟಿಗೆ ಬಿಗಿಯುವ ಬೋಲ್ಟಿಗೆ ಜಿಡ್ಡು ಒರೆಸಿದ ಥ್ರೆಡ್ಡು, ತಯಾರಕರು ಹೇಳಿದಷ್ಟೇ ಬಿಗಿತ, ಒಂದೆರಡು ಹನಿ ಥ್ರೆಡ್ ಅಂಟು ಬೇಕು. ಅಮೆರಿಕದ ರಸಾಯನಶಾಸ್ತ್ರಜ್ಞ ವರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದ, ಮುಂದೆ ಲಾಕ್‌ಟೈಟ್ ಎಂದು ಹೆಸರಾದ ಈ ಅಂಟಿನ ಸ್ವಭಾವ ವಿಶೇಷವಾದದ್ದು. ಬೇರೆ ಅಂಟುಗಳು ಗಾಳಿಗೆ ಒಣಗಿದರೆ ಇದು ಗಾಳಿ ಇರುವವರೆಗೂ ದ್ರವವಾಗಿಯೇ ಇರುತ್ತದೆ. ಬಾಟಲಿಯನ್ನು ಪೂರ್ತಿ ತುಂಬದೆ ಮೇಲೆ ಗಾಳಿಗೆ ಜಾಗ ಬಿಡುವುದು ಅದಕ್ಕೇ. ಥ್ರೆಡ್ಡುಗಳ ಸಂದಿನಲ್ಲಿ ಆಮ್ಲಜನಕ ಸಿಗದೆ, ಲೋಹದ ಸ್ಪರ್ಶವಾದಾಗಲಷ್ಟೇ ಅದು ಗಟ್ಟಿಯಾಗತೊಡಗುತ್ತದೆ. ಪೂರ್ತಿ ಬಲ ಬರಲು ಸುಮಾರು ಒಂದು ದಿನ ಬೇಕು. ಅಷ್ಟು ಹೊತ್ತು ಬೈಕು ನಿಂತಲ್ಲೇ ನಿಂತಿರುವುದು ಒಳ್ಳೆಯದು.