ಎಲ್ಲರೂ ‘ಅಡ್ಮಿನ್’ ಆದರೆ ತಿದ್ದಿದವರು ಯಾರು?

ಕುಂದಾಪುರ, ಬೈಂದೂರು ಕಡೆಯ ಗೇರುಬೀಜ ಕಾರ್ಖಾನೆಗಳಲ್ಲಿ ಡಬ್ಲ್ಯು 240, ಡಬ್ಲ್ಯು 320 ಎಂಬ ದರ್ಜೆಗಳು ಎಲ್ಲರ ಬಾಯಲ್ಲೂ ಇರುವಂಥವು. ಒಂದು ಪೌಂಡಿಗೆ ಎಷ್ಟು ಬೀಜ ತೂಗುತ್ತದೆ ಎಂಬುದೇ ಆ ಅಂಕಿ. ಅಂಕಿ ಚಿಕ್ಕದಾದಷ್ಟೂ ಬೀಜ ದಪ್ಪ, ಬೆಲೆಯೂ ಜಾಸ್ತಿ. ಕಂಪ್ಯೂಟರಿನ ದಾಸ್ತಾನು ಲೆಕ್ಕದಲ್ಲಿ 240 ಎಂದಿದ್ದ ಹತ್ತು ಟಿನ್ ಯಾರದೋ ಕೈಯಲ್ಲಿ 320 ಆಯಿತೆನ್ನಿ. ತೂಕದಲ್ಲಿ ಒಂದು ಗ್ರಾಂ ಹೆಚ್ಚುಕಮ್ಮಿ ಕಾಣದು, ದುಡ್ಡು ಮಾತ್ರ ಸೋರುತ್ತದೆ. ಮಾಲೀಕರು ಕೇಳಿದರೆ ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಉತ್ತರ: “ನಾ ಮಾಡದ್ದಲ್ಲ ಮರಾಯ್ರೆ.”

ಅದು ನಿಜವೇ ಇರಬಹುದು. ಸಾಬೀತು ಮಾಡುವುದು ಹೇಗೆ? ಗೇರುಬೀಜದ ಕಾರ್ಖಾನೆಯಿರಲಿ, ಬ್ರಹ್ಮಾವರದ ಅಕ್ಕಿ ಮಿಲ್ಲಿರಲಿ, ಸಣ್ಣ ಆಫೀಸುಗಳಲ್ಲಿ ಒಂದೇ ‘ಅಡ್ಮಿನ್’ ಖಾತೆ, ಒಂದೇ ಪಾಸ್‌ವರ್ಡ್ ಇರುವುದು ಹೊಸತೇನಲ್ಲ. ಆ ಪಾಸ್‌ವರ್ಡೂ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ! ಯಾರು ಯಾವಾಗ ಏನು ಮಾಡಿದರೆಂದು ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆಯೇ ಲಾಗ್. ಅದನ್ನು ಎಷ್ಟೇ ನಿಷ್ಠೆಯಿಂದ ಬರೆದರೂ ಅದರಲ್ಲಿ ಸಿಗುವ ಹೆಸರು ‘ಅಡ್ಮಿನ್’ ಅಷ್ಟೆ.

ಕಂಪನಿಗಳಿಗೆ ಕಾನೂನು ಬಿಗಿಯಾಗಿದೆ. 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯಡಿ ನೋಂದಾದವರು ಬಳಸುವ ಲೆಕ್ಕದ ಸಾಫ್ಟ್‌ವೇರ್ ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ ಸಮೇತ ದಾಖಲಿಸಬೇಕು, ಆ ಸೌಲಭ್ಯವನ್ನು ಆಫ್ ಮಾಡಲು ಬರಬಾರದು. ಬೆಂಗಳೂರಿನದೇ ಆದ ಟ್ಯಾಲಿ ಇದಕ್ಕೆಂದು ಎಡಿಟ್ ಲಾಗ್ ಆವೃತ್ತಿಯನ್ನೇ ತಂದಿತು. ನಮ್ಮಲ್ಲಿ ಬಹಳಷ್ಟು ಅಂಗಡಿ, ಮಿಲ್ಲುಗಳು ಒಬ್ಬರ ಹೆಸರಿನಲ್ಲೋ ಪಾಲುದಾರಿಕೆಯಲ್ಲೋ ನಡೆಯುವುದರಿಂದ ಈ ನಿಯಮ ಅವರನ್ನು ಮುಟ್ಟುವುದಿಲ್ಲ. ಮುಟ್ಟದಿದ್ದರೂ ಎಡಿಟ್ ಲಾಗ್ ಆನ್ ಮಾಡಿಟ್ಟರೆ ನಷ್ಟವೇನಿಲ್ಲ.

ಇನ್ನು ವಿಂಡೋಸ್. ಕಂಪ್ಯೂಟರಿನೊಳಗೆ ಯಾರು ಯಾವಾಗ ಬಂದರೆಂದು ಅದೂ ಲಾಗ್ ಬರೆಯುತ್ತದೆ. ಇವೆಂಟ್ ವ್ಯೂವರ್ ತೆರೆದು ‘ಸೆಕ್ಯೂರಿಟಿ’ ಒತ್ತಿದರೆ ಸಾಲುಸಾಲು ಅಂಕಿಗಳು. 4624 ಎಂದರೆ ಲಾಗಿನ್ ಆಗಿದೆ. 4625 ಎಂದರೆ ಯಾರೋ ಯತ್ನಿಸಿ ಸೋತಿದ್ದಾರೆ. ರಾತ್ರಿ ಎರಡು ಗಂಟೆಗೆ ಇದೇ ಅಂಕಿ ಸಾಲುಗಟ್ಟಿದ್ದರೆ ಅದು ನಿಮ್ಮ ಗುಮಾಸ್ತನಂತೂ ಅಲ್ಲ. 1102 ಕಂಡರೆ ಯಾರೋ ಲಾಗನ್ನೇ ಅಳಿಸಿದ್ದಾರೆ; ಒರೆಸಿದ ಗುರುತನ್ನೂ ಅದು ಬಿಡುತ್ತದೆ. ಸಮಸ್ಯೆ ಇರುವುದು ಜಾಗದಲ್ಲಿ. ಈ ಲಾಗಿಗೆ ವಿಂಡೋಸ್ ತಾನಾಗಿ ಕೊಡುವುದು 20 ಎಂಬಿ. ಅದು ತುಂಬಿತೋ, ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಆದರೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ 180 ದಿನಗಳ ಲಾಗ್ ಇಟ್ಟುಕೊಳ್ಳಿ ಎನ್ನುತ್ತದೆ. ಕೆಲಸ ಜೋರಿರುವ ಕಂಪ್ಯೂಟರಿನಲ್ಲಿ 20 ಎಂಬಿ ಅಷ್ಟು ದಿನ ಎಲ್ಲಿ ಬಾಳಬೇಕು? ಲಾಗಿನ ಪ್ರಾಪರ್ಟೀಸ್‌ಗೆ ಹೋಗಿ ಗಾತ್ರ ಏರಿಸುವುದು ಐದು ನಿಮಿಷದ ಕೆಲಸ. ತಿಂಗಳಿಗೊಮ್ಮೆ ಪ್ರತಿ ತೆಗೆದು ಬೇರೆ ಕಡೆ ಇಟ್ಟರೆ ಇನ್ನೂ ಕ್ಷೇಮ. ಗಡಿಯಾರವೂ ಸರಿ ಇರಲಿ, ತಪ್ಪು ಸಮಯದ ದಾಖಲೆ ನಿರಪರಾಧಿಯತ್ತ ಬೆರಳು ತೋರಿಸಬಹುದು.

ಲಾಗ್ ಎಂದರೆ ಮಾಲೀಕರ ಬೇಹುಗಾರ ಎಂದು ನೌಕರರು ಮುಖ ಸಿಂಡರಿಸುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಅನುಮಾನ ಮೊದಲು ಬೀಳುವುದು ಕಡಿಮೆ ಸಂಬಳದವನ ಮೇಲೆ. ಅವನ ಪರ ಸಾಕ್ಷಿ ಹೇಳಬಲ್ಲದ್ದು ಅವನದೇ ಹೆಸರಿನ ಲಾಗಿನ್. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಪಹಣಿ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗುವ ವ್ಯವಸ್ಥೆ ಮಾಡಿದ್ದು ಇಂಥದೇ ಕಾರಣಕ್ಕೆ: ತಿದ್ದಿದವರು ನಾನಲ್ಲ ಎನ್ನಬಾರದು, ತಿದ್ದದವರು ಸಿಕ್ಕಿಬೀಳಬಾರದು.

ಏಪ್ರಿಲ್‌ನಲ್ಲಿ ಹೊಸ ವರ್ಷದ ಲೆಕ್ಕ ತೆರೆಯುವಾಗಲೇ ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡಿಬಿಡಿ. ಕಳೆದ ವರ್ಷ ಕೆಲಸ ಬಿಟ್ಟು ಬೆಂಗಳೂರಿನ ಹೋಟೆಲಿನ ಗಲ್ಲಾಕ್ಕೆ ಹೋದ ಹುಡುಗನ ಖಾತೆ ಇನ್ನೂ ತೆರೆದಿದ್ದರೆ, ಅದನ್ನೂ ಅವತ್ತೇ ಮುಚ್ಚಿ.